ಎಪ್ಪತ್ತು ದಾಟಿದವರ ಕಾರ್ಡು, ದೊಡ್ಡ ಕರುಳಿನ ಪರೀಕ್ಷೆ: ಯಾವ ಖರ್ಚು ಯಾರ ತಲೆಗೆ?

"ಕಾರ್ಡ್ ಉಂಟಲ್ಲ ಮಾರಾಯ್ತಿ, ಮತ್ತೆಂತ ದುಡ್ಡು?"

ಬಿಲ್ಲಿಂಗ್ ಕೌಂಟರಿನಲ್ಲಿ ಕೂತ ಹುಡುಗಿಗೆ ನಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಅವರಿಗೆ ಎಪ್ಪತ್ತಮೂರು. ಆಯುಷ್ಮಾನ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿ, ಅದರ ಮೇಲೊಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ, ವ್ಯಾನಿಟಿ ಬ್ಯಾಗಿನ ಒಳಜಿಪ್ಪಿನಲ್ಲಿ ಇಟ್ಟುಕೊಂಡವರು. ಹುಡುಗಿ ಕಾರ್ಡನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಅಜ್ಜಿ, ಅದು ಅಡ್ಮಿಟ್ ಆದ್ರೆ ಮಾತ್ರ. ಓಪಿಡಿಯಲ್ಲಿ ಮಾಡುವ ಸ್ಕೋಪಿಗೆ ಬರುದಿಲ್ಲ" ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪು ನನ್ನದು. ಐದು ಲಕ್ಷದ ಕಾರ್ಡ್ ಅಂದ ಮೇಲೆ ಒಂದು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಬಾಯಿಮಾತಿನಲ್ಲಿ ಸ್ಕೋಪಿ) ಯಾವ ಲೆಕ್ಕ ಎಂದುಕೊಂಡು ಉಡುಪಿಯ ಬಸ್ಸು ಹತ್ತಿದ್ದೆ. ಆ ದಿನ ಗೂಗಲ್ ಪೇ ಕೈಹಿಡಿಯಿತು.

ಆಮೇಲೆ ನೆಂಟರಿಷ್ಟರಲ್ಲಿ ನಾಲ್ಕೈದು ಮಂದಿ ಇದೇ ವಿಷಯಕ್ಕೆ ಫೋನ್ ಮಾಡಿದ್ದಾರೆ. ಪ್ರತಿ ಸಲ ಮೊದಲಿಂದ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ. ಚುಟುಕಾಗಿ ಹೇಳುವುದಾದರೆ, ಕಾಯಿಲೆ ಉಂಟೋ ಎಂದು ಹುಡುಕುವ ಖರ್ಚು ಹೆಚ್ಚುಕಡಿಮೆ ನಮ್ಮದು, ಸಿಕ್ಕಿದ ಕಾಯಿಲೆಗೆ ಮದ್ದು ಮಾಡುವ ಖರ್ಚು ಕಾರ್ಡಿನದು. ಈ ಎರಡರ ನಡುವಿನ ಗೆರೆ ಎಲ್ಲಿ ಬರುತ್ತದೆ ಎಂದು ಗೊತ್ತಿದ್ದರೆ ಕೌಂಟರಿನಲ್ಲಿ ಮುಖ ಸಣ್ಣದು ಮಾಡಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಸ್ಕ್ರೀನಿಂಗ್ ಬೇರೆ, ತಪಾಸಣೆ ಬೇರೆ

ಏನೂ ತೊಂದರೆ ಇಲ್ಲದವರು ವಯಸ್ಸಿನ ಕಾರಣಕ್ಕೆ ಮಾಡಿಸಿಕೊಳ್ಳುವುದು ಸ್ಕ್ರೀನಿಂಗ್. ಮಲದಲ್ಲಿ ರಕ್ತ ಕಂಡಿದೆ, ಹಿಮೋಗ್ಲೋಬಿನ್ ಇಳಿದಿದೆ ಎಂದು ಡಾಕ್ಟರು ಬರೆದುಕೊಟ್ಟು ಮಾಡಿಸುವುದು ರೋಗ ಪತ್ತೆಯ ತಪಾಸಣೆ. ಯಂತ್ರ ಅದೇ, ಕೊಳವೆ ಅದೇ, ಡಾಕ್ಟರೂ ಅವರೇ. ಆದರೆ ವಿಮೆಯ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಪುಟ.

2018ರ ಸೆಪ್ಟೆಂಬರ್ 23ರಂದು ಶುರುವಾದ ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಗೆ ದಾಖಲಾಗುವವರಿಗಾಗಿ ಮಾಡಿದ್ದು. ಓಪಿಡಿ ಅದರೊಳಗೆ ಇಲ್ಲ, ರೋಗ ಪತ್ತೆಗೆಂದು ಬಿಡಿಯಾಗಿ ಮಾಡಿಸುವ ಟೆಸ್ಟುಗಳೂ ಇಲ್ಲ. ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನದ ಪರೀಕ್ಷೆ, ಔಷಧಿ ಮಾತ್ರ ಪ್ಯಾಕೇಜಿನೊಳಗೆ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಒಟ್ಟು ದರದೊಳಗೆ, ಸೇರುತ್ತದೆ. ಕೇಳುವಾಗ ಇದು ಅನುಕೂಲವೇ ಅನ್ನಿಸುತ್ತದೆ. ಆದರೆ ಸ್ಕೋಪಿಯಲ್ಲಿ ತೆಗೆದ ತುಣುಕು ಬಯಾಪ್ಸಿಗೆ ಹೋಗಿ ರಿಪೋರ್ಟ್ ಬರಲು ಹಲವು ದಿನ ಬೇಕು, ರಿಪೋರ್ಟ್ ಬಂದ ಮೇಲೆಯೇ ಆಪರೇಷನ್ನಿನ ದಿನ ಗೊತ್ತಾಗುವುದು. ಅಷ್ಟರಲ್ಲಿ ಆ ಮೂರು ದಿನ ಮುಗಿದು ಯಾವ ಕಾಲವಾಯಿತೋ. ಹಾಗಾಗಿ ಕಾಯಿಲೆ ಸಿಕ್ಕಿದವರಿಗೂ ಮೊದಲ ಸ್ಕೋಪಿಯ ಬಿಲ್ಲು ಸಾಮಾನ್ಯವಾಗಿ ಕೈಯಿಂದಲೇ.

ಸರಕಾರದ ಉಚಿತ ಕ್ಯಾನ್ಸರ್ ತಪಾಸಣೆ ಇಲ್ಲವೇ ಎಂದು ಕೇಳಬಹುದು. ಇದೆ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರಿನ ಜೊತೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಮಾಡುತ್ತಾರೆ. ದೊಡ್ಡ ಕರುಳು ಆ ಪಟ್ಟಿಯಲ್ಲಿಲ್ಲ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕ್ಯಾನ್ಸರ್ ಕಡಿಮೆ ಎಂಬುದು ನಿಜ. ಹಾಗೆಂದು ಲಕ್ಷಣ ಕಂಡ ಮೇಲೂ ಸುಮ್ಮನೆ ಕೂರುವುದಕ್ಕೆ ಅದೊಂದು ನೆಪ ಆಗಬಾರದು.

ನ್ಯೂಜೆರ್ಸಿಯ ಫೋನು

ಗೊಂದಲದ ಅರ್ಧಪಾಲು ಬರುವುದು ಹೊರದೇಶದ ಮಕ್ಕಳಿಂದ. ದೊಡ್ಡಮ್ಮನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. "ಇಲ್ಲಿ ವಯಸ್ಸಾದವರಿಗೆ ಕೊಲೊನೋಸ್ಕೋಪಿ ಫ್ರೀ ಅಮ್ಮ, ಅಲ್ಲಿಯೂ ಕಾರ್ಡಿನಲ್ಲಿ ಇರ್ತದೆ, ಕೇಳು" ಎಂದ. ಅವನ ಮಾತಿನ ಮೊದಲರ್ಧ ಸರಿ. ಅಮೆರಿಕದ ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಮಲ ಪರೀಕ್ಷೆ ವರ್ಷಕ್ಕೊಮ್ಮೆ ಸಿಗುತ್ತದೆ. ಕೊಲೊನೋಸ್ಕೋಪಿ ಸಾಮಾನ್ಯ ಅಪಾಯದವರಿಗೆ 120 ತಿಂಗಳಿಗೊಮ್ಮೆ, ಹೆಚ್ಚು ಅಪಾಯದವರಿಗೆ 24 ತಿಂಗಳಿಗೊಮ್ಮೆ. ಮಲ ಪರೀಕ್ಷೆ ಪಾಸಿಟಿವ್ ಬಂದು ಅದರ ಬೆನ್ನಿಗೇ ಮಾಡಿಸುವ ಕೊಲೊನೋಸ್ಕೋಪಿಯನ್ನೂ 2023ರಿಂದ ಸ್ಕ್ರೀನಿಂಗ್ ಎಂದೇ ಲೆಕ್ಕ ಹಿಡಿಯುತ್ತಾರೆ. ಅಲ್ಲಿಯೂ ಪೂರ್ತಿ ಪುಕ್ಕಟೆಯೇನಲ್ಲ. ನೋಡುತ್ತಿರುವಾಗ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಸಿಕ್ಕಿ ಅಲ್ಲೇ ತೆಗೆದರೆ 2026ರವರೆಗೆ ಶೇ. 15ರಷ್ಟನ್ನು ರೋಗಿಯೇ ಕೊಡಬೇಕು. 2027ರಿಂದ ಅದು ಶೇ. 10ಕ್ಕೆ ಇಳಿದು, 2030ರಲ್ಲಿ ಸೊನ್ನೆಯಾಗುತ್ತದೆ.

ಅದು ಅಲ್ಲಿಯ ಕಥೆ. ಗ್ರೀನ್ ಕಾರ್ಡ್ ಮಾಡಿಕೊಂಡು ಅಲ್ಲೇ ನೆಲೆಸಿ ಮೆಡಿಕೇರ್ ಪಡೆದ ಹಿರಿಯರು ಊರಿಗೆ ಬಂದಾಗ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಮಾಡಿಸಿಕೊಂಡರೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಅಂಥವರು ಅಲ್ಲೇ ಮುಗಿಸಿಕೊಂಡು ವಿಮಾನ ಹತ್ತುವುದು ಲೇಸು.

ಹೆಜ್ಜೆ 1: ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ

ನಮ್ಮ ಕಡೆ ಒಂದೊಂದು ಮನೆಯಲ್ಲಿ ಮೂರು ನಾಲ್ಕು ಆರೋಗ್ಯ ಕಾರ್ಡ್ ಇರುತ್ತವೆ. ಯಾವುದು ಎಂತದಕ್ಕೆ ಎಂಬುದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಬಿಪಿಎಲ್ ರೇಷನ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಎಪಿಎಲ್‌ನವರದ್ದು ಬೇರೆ ಲೆಕ್ಕ. ಪ್ಯಾಕೇಜ್ ದರದ ಶೇ. 30 ಮಾತ್ರ ಸರಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ 70 ನಿಮ್ಮದು. ಎರಡನ್ನೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ.

ಮೂರನೆಯದು ಎಪ್ಪತ್ತು ತುಂಬಿದವರ ಆಯುಷ್ಮಾನ್ ವಯ ವಂದನಾ ಕಾರ್ಡ್. ಕೇಂದ್ರ ಸರಕಾರ ಇದನ್ನು 2024ರ ಅಕ್ಟೋಬರ್ 29ರಂದು ಆರಂಭಿಸಿತು. ಆದಾಯ ಎಷ್ಟೇ ಇರಲಿ, ಆಧಾರಿನಲ್ಲಿ ವಯಸ್ಸು ಎಪ್ಪತ್ತಾದರೆ ಸಾಕು. 5 ಲಕ್ಷವನ್ನು ಮನೆಯ ಎಪ್ಪತ್ತು ದಾಟಿದವರೆಲ್ಲ ಹಂಚಿಕೊಳ್ಳಬೇಕು, ಗಂಡ ಹೆಂಡತಿಗೆ ತಲಾ ಐದೈದು ಲಕ್ಷ ಅಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎಂದು ತಳ್ಳಿಹಾಕುವ ಹಾಗಿಲ್ಲ, ಇಷ್ಟು ದಿನ ಕಾಯಿರಿ ಎನ್ನುವುದೂ ಇಲ್ಲ. ಖಾಸಗಿ ವಿಮೆ ಅಥವಾ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರೂ ಮಾಡಿಸಬಹುದು. ಸಿಜಿಎಚ್‌ಎಸ್ (ಕೇಂದ್ರ ಸರಕಾರಿ ನೌಕರರ ಆರೋಗ್ಯ ಯೋಜನೆ), ಇಸಿಎಚ್‌ಎಸ್ (ಮಾಜಿ ಸೈನಿಕರದ್ದು) ಇದ್ದವರು ಮಾತ್ರ ಅದು ಬೇಕೋ ಇದು ಬೇಕೋ ಎಂದು ಒಂದನ್ನು ಆರಿಸಿಕೊಳ್ಳಬೇಕು. ಮಾಜಿ ಸೈನಿಕರಿಗೆ ನನ್ನ ಕಿವಿಮಾತು: ಅವಸರದಲ್ಲಿ ಇಸಿಎಚ್‌ಎಸ್ ಬಿಡಬೇಡಿ. ಅದರಲ್ಲಿ ಓಪಿಡಿಯೂ ಇದೆ, ಪಾಲಿಕ್ಲಿನಿಕ್ಕಿನಿಂದ ರೆಫರ್ ಆದರೆ ಸ್ಕೋಪಿಯ ದಾರಿಯೂ ಇದೆ.

ಆದರೆ ವಯ ವಂದನಾ ಕಾರ್ಡು ಮೊಬೈಲಿಗೆ ಡೌನ್‌ಲೋಡ್ ಆಯಿತು ಎಂದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ನಡೆಯಿತು ಎಂದಲ್ಲ. ಹೋಗುವ ಮುಂಚೆ ಆ ಆಸ್ಪತ್ರೆಯ ಆರೋಗ್ಯಮಿತ್ರರಿಗೆ (ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಸಿಬ್ಬಂದಿ) ಫೋನ್ ಮಾಡಿ, "ಈ ಕಾರ್ಡಿನಲ್ಲಿ ಈಗ ಕೇಸ್ ತೆಗೆದುಕೊಳ್ಳುತ್ತೀರಾ?" ಎಂದು ನೇರವಾಗಿ ಕೇಳಿ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.

ಕಾರ್ಡ್ ಮಾಡಿಸುವಾಗ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಜೀವಂತ ಇರಬೇಕು. ದೊಡ್ಡಮ್ಮನ ಆಧಾರಿನಲ್ಲಿದ್ದದ್ದು ಮಗ ಮುಂಬಯಿಯಲ್ಲಿದ್ದಾಗಿನ ನಂಬರು, ಓಟಿಪಿ ಯಾರ ಮೊಬೈಲಿಗೆ ಹೋಯಿತೋ ದೇವರೇ ಬಲ್ಲ. ಬೆರಳಚ್ಚು ಹಾಕೋಣ ಎಂದರೆ ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಹೆಬ್ಬೆರಳಿನ ಗೆರೆಯೇ ಸವೆದಿದೆ. ಸೇವಾ ಕೇಂದ್ರದವನು ಮೂರು ಸಲ ಒತ್ತಿಸಿ, ಕೊನೆಗೆ ಮುಖದ ಫೋಟೋ ಹಿಡಿದು ಇ-ಕೆವೈಸಿ ಮುಗಿಸಿದ. ಆ ಸೌಲಭ್ಯ ಉಂಟು, ಕೇಳಿ ಪಡೆಯಬೇಕು.

ಗೋಡಂಬಿ ಕಾರ್ಖಾನೆ, ಹೆಂಚಿನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಒಂದು ವಿಷಯ ಗಮನಿಸಿ. ಕನಿಷ್ಠ 5 ವರ್ಷ ಇಎಸ್‌ಐ ಇದ್ದ ಕೆಲಸದಲ್ಲಿದ್ದು ನಿವೃತ್ತರಾಗಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ಇದರಲ್ಲಿ ಓಪಿಡಿ ಸೇರಿರುವುದರಿಂದ ನಮ್ಮ ವಿಷಯಕ್ಕೆ ಐದು ಲಕ್ಷದ ಕಾರ್ಡಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬೀಳುತ್ತದೆ. 120 ರೂಪಾಯಿ ಎಂದರೆ ಇವತ್ತು ಎರಡು ಮಸಾಲೆ ದೋಸೆಯ ದುಡ್ಡು.

ಇನ್ನು ಉಡುಪಿ ಕಡೆ ಮನೆಮನೆಯಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡ್ ವಿಮೆ ಅಲ್ಲ, ರಿಯಾಯಿತಿ ಕಾರ್ಡ್. ಆದರೆ ಓಪಿಡಿಯ ಬಿಲ್ಲಿನಲ್ಲಿ ದುಡ್ಡು ಕಡಿಮೆಯಾಗುವುದು ಇಂಥದ್ದರಿಂದಲೇ. ಐದು ಲಕ್ಷದ ಕಾರ್ಡ್ ತಂದು ಇದನ್ನು ಮನೆಯಲ್ಲಿ ಬಿಟ್ಟುಬಂದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಹೆಜ್ಜೆ 2: ಪರೀಕ್ಷೆ ನಿಮಗೆ ಬೇಕೇ?

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲದ ರೀತಿ, ಕಾರಣವಿಲ್ಲದೆ ಇಳಿದ ತೂಕ, ಕಬ್ಬಿಣದ ಕೊರತೆಯ ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ಸ್ಕ್ರೀನಿಂಗಿನ ಮಾತು ಮುಗಿಯಿತು, ನೇರ ಡಾಕ್ಟರ ಬಳಿ ಹೋಗಬೇಕು. ನಮ್ಮಲ್ಲಿ ರಕ್ತ ಕಂಡ ಕೂಡಲೇ ಮನೆಯವರು "ಮೂಲವ್ಯಾಧಿ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಸುವರ್ಣಗಡ್ಡೆಯ ಪಲ್ಯ, ಮಜ್ಜಿಗೆ, ಬಸ್‌ಸ್ಟ್ಯಾಂಡ್ ಪಕ್ಕದ ಬೋರ್ಡಿನ ಪೈಲ್ಸ್ ಕ್ಲಿನಿಕ್ಕು. ದೊಡ್ಡಮ್ಮ ಎಂಟು ತಿಂಗಳು ಹೀಗೇ ಕಳೆದರು. ಸುವರ್ಣಗಡ್ಡೆಯ ಮೇಲೆ ನನಗೇನೂ ಸಿಟ್ಟಿಲ್ಲ, ರುಚಿಯಾದ ಪಲ್ಯ. ಆದರೆ ಮೂಲವ್ಯಾಧಿ ಇದ್ದವರಿಗೆ ಕರುಳಿನ ಗಡ್ಡೆ ಬರಬಾರದೆಂದು ಎಲ್ಲೂ ಬರೆದಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಲಕ್ಷಣ ಏನೂ ಇಲ್ಲದವರ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 45ರಿಂದ 75ರವರೆಗೆ ಸ್ಕ್ರೀನಿಂಗ್ ಮಾಡಿಸಿ ಎನ್ನುತ್ತಾರೆ. 76ರಿಂದ 85ರವರೆಗೆ ಅವರವರ ಆರೋಗ್ಯ ನೋಡಿ ತೀರ್ಮಾನ. ಅದಕ್ಕೂ ಮೇಲೆ ಬೇಡ. ಪಾಲಿಪ್ ಬೆಳೆದು ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ ಎಂಬುದು ಈ ಲೆಕ್ಕದ ಬುಡ. ಎಂಬತ್ತನಾಲ್ಕರ ಅಜ್ಜನಿಗೆ ಲಕ್ಷಣವೇ ಇಲ್ಲದೆ ರಾತ್ರಿಯಿಡೀ ಭೇದಿ ಮಾಡಿಸಿ ಸ್ಕೋಪಿ ಮಾಡಿಸುವುದು ಮಕ್ಕಳ ಸಮಾಧಾನಕ್ಕಾದೀತು, ಅಜ್ಜನ ಉಪಕಾರಕ್ಕಲ್ಲ.

ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ ನಿಯಮ ಬೇರೆ. 40ಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ ಶುರುಮಾಡಬೇಕು.

ಹೆಜ್ಜೆ 3: ಮಲ ಪರೀಕ್ಷೆಯಿಂದ ಆರಂಭಿಸಿ

ಲಕ್ಷಣ ಇಲ್ಲದವರು ಸ್ಕೋಪಿಗೆ ಓಡಬೇಕಾಗಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹಿಡಿಯುವ ಪರೀಕ್ಷೆ ಕೊಲೊನೋಸ್ಕೋಪಿಯ ಎದುರು ತೀರಾ ಅಗ್ಗ. ಲ್ಯಾಬಿನಲ್ಲಿ "ಸ್ಟೂಲ್ ಅಕಲ್ಟ್ ಬ್ಲಡ್" ಎಂದರೆ ಅರ್ಥವಾಗುತ್ತದೆ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಇದು ಎಫ್‌ಐಟಿಯಾ, ಹಳೆಯ ಗ್ವಾಯಾಕ್ ಪದ್ಧತಿಯಾ?" ಹಳೆಯದಕ್ಕೆ ಕೆಲವು ದಿನ ಮಟನ್, ಬೀಫ್, ವಿಟಮಿನ್ ಸಿ ಮಾತ್ರೆ ಬಿಡಬೇಕು, ಸಾಮಾನ್ಯವಾಗಿ ಮೂರು ಸಲದ ಮಾದರಿ ಕೊಡಬೇಕು. ಎಫ್‌ಐಟಿ ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಪಥ್ಯ ಬೇಡ. ಆಯ್ಕೆ ಇದ್ದರೆ ಎಫ್‌ಐಟಿಯೇ ಇರಲಿ.

ಮಾದರಿ ತೆಗೆಯುವುದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ನಮ್ಮ ಕೂರುವ ಕಕ್ಕಸಿನಲ್ಲಿ ಗುಂಡಿಯ ಮುಂದೆ ಅಗಲದ ಪ್ಲಾಸ್ಟಿಕ್ ಹಾಳೆ ಹಾಸಿ, ಮೊದಲು ಮೂತ್ರ ಮುಗಿಸಿ, ಆಮೇಲೆ ಅದರ ಮೇಲೆ ಕೂರಬೇಕು. ನೀರು ತಾಗಬಾರದು. ಕಿಟ್ಟಿನ ಕಡ್ಡಿಯಿಂದ ನಾಲ್ಕೈದು ಕಡೆ ಗೀರಿ ಕೊಳವೆಗೆ ಹಾಕಿ ಮುಚ್ಚಿ, ಹೆಸರು ತಾರೀಖು ಬರೆದು ಅದೇ ದಿನ ಲ್ಯಾಬಿಗೆ ಕೊಡಿ. ಮೂಲವ್ಯಾಧಿಯ ರಕ್ತ ಹೋಗುತ್ತಿರುವಾಗ ಬೇಡ.

ನೆಗೆಟಿವ್ ಬಂದರೆ ಬರುವ ವರ್ಷ ಮತ್ತೆ. ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ, ಕೊಲೊನೋಸ್ಕೋಪಿ ಬೇಕು ಎಂದಷ್ಟೇ. ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತೆಂದು ನಿರಾಳವಾಗುವುದು ನಮ್ಮನ್ನು ನಾವೇ ಮೋಸಪಡಿಸಿಕೊಂಡಂತೆ.

ಹೆಜ್ಜೆ 4: ಸರಕಾರಿ ಆಸ್ಪತ್ರೆಯ ಚೀಟಿ

ಇದೊಂದು ಹೆಜ್ಜೆ ಹಾರಿಸಿದವರು ಮುಂದೆ ಪರದಾಡುತ್ತಾರೆ. ಮಂಗಳೂರಿನವರು ವೆನ್ಲಾಕ್‌ಗೆ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಮೊದಲು ಹೋಗಿ ಸರ್ಜರಿ ಅಥವಾ ಮೆಡಿಸಿನ್ ಓಪಿಡಿಯಲ್ಲಿ ತೋರಿಸಿ. ಪರೀಕ್ಷೆ ಅಲ್ಲೇ ಆಗುತ್ತದೆಯೇ ಎಂದು ಕೇಳಿ, ಆಗುವುದಾದರೆ ಖರ್ಚಿನ ಭಾರ ಅಲ್ಲೇ ಇಳಿಯುತ್ತದೆ. ಆಗದಿದ್ದರೂ ಹೋದದ್ದು ದಂಡವಲ್ಲ. ಆರೋಗ್ಯ ಕರ್ನಾಟಕದಲ್ಲಿ ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕೇಬೇಕು. ತುರ್ತು ಪ್ರಕರಣಕ್ಕೆ ಮಾತ್ರ ವಿನಾಯಿತಿ. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿ ಬಂದವರನ್ನು ಚೀಟಿ ತನ್ನಿ ಎಂದು ವಾಪಸು ಕಳಿಸುವ ಹಾಗಿಲ್ಲ.

ವೆನ್ಲಾಕ್‌ನ ಸಾಲಿನಲ್ಲಿ ನಿಲ್ಲುವುದೆಂದರೆ ಕೆಲವರಿಗೆ ಮರ್ಯಾದೆಯ ಪ್ರಶ್ನೆ. 1848ರಿಂದ ಈ ಕರಾವಳಿಯನ್ನು ನೋಡಿಕೊಂಡ ಆಸ್ಪತ್ರೆ, ಕಸ್ತೂರ್ಬಾ ಮೆಡಿಕಲ್ ಕಾಲೇಜಿನ (ಕೆಎಂಸಿ) ಎಷ್ಟೋ ಡಾಕ್ಟರುಗಳು ಕೈ ಪಳಗಿಸಿಕೊಂಡದ್ದೂ ಅಲ್ಲೇ. ಬೆಳಿಗ್ಗೆ ಬೇಗ ಹೋಗಿ, ಅಷ್ಟೆ.

ಹೆಜ್ಜೆ 5: ಹೊಟ್ಟೆ ತೊಳೆಯುವ ರಾತ್ರಿ

ಸ್ಕೋಪಿಗೆ ನಿದ್ರೆಯ ಮದ್ದು ಕೊಡುವುದರಿಂದ ಒಳಗೆ ಏನಾಯಿತೆಂದೇ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಕಷ್ಟ ಇರುವುದು ಹಿಂದಿನ ರಾತ್ರಿ. ಕರುಳು ಶುಚಿಯಾಗದಿದ್ದರೆ ಪರೀಕ್ಷೆ ಅರ್ಧಕ್ಕೆ ನಿಂತು, ಇನ್ನೊಂದು ದಿನ ಇನ್ನೊಂದು ಬಿಲ್ಲು.

ಆಸ್ಪತ್ರೆಯ ಚೀಟಿಯಲ್ಲಿ "ನಾರಿನಂಶ ಕಡಿಮೆ ಇರುವ ಆಹಾರ" ಎಂದಿರುತ್ತದೆ. ಅದನ್ನು ನಮ್ಮ ಅಡುಗೆಮನೆಗೆ ಇಳಿಸಿದರೆ ಹೀಗೆ: ಎರಡು ಮೂರು ದಿನ ಕೆಂಪು ಕುಚ್ಚಲಕ್ಕಿ ಬೇಡ, ಬೆಳ್ತಿಗೆ ಅನ್ನ ಸಾಕು. ಬಸಳೆ, ಹರಿವೆ, ತೊಂಡೆಕಾಯಿ, ಹಲಸು ಬೇಡ. ಮಟ್ಟುಗುಳ್ಳ ಬದನೆಯ ಬೀಜ ಕರುಳಿಗೆ ಅಂಟಿಕೊಂಡು ಕ್ಯಾಮೆರಾದ ಕಣ್ಣು ಮುಚ್ಚಿಸುತ್ತದೆ. ನೀರುದೋಸೆ ಆಗಬಹುದು, ಕಾಯಿ ಚಟ್ನಿ ಇಲ್ಲದೆ. ಹಿಂದಿನ ದಿನ ಬರೇ ತಿಳಿಯಾದ ದ್ರವ: ಎಳನೀರು, ಹಾಲಿಲ್ಲದ ಚಹಾ, ಸೋಸಿದ ಬೇಳೆಕಟ್ಟು. ಪುನರ್ಪುಳಿ ಶರಬತ್ತು ಮಾತ್ರ ಖಂಡಿತ ಬೇಡ. ಅದರ ಕೆಂಪು ಒಳಗೆ ರಕ್ತದ ಹಾಗೆ ಕಂಡು ಡಾಕ್ಟರನ್ನು ದಾರಿ ತಪ್ಪಿಸುತ್ತದೆ. ದೊಡ್ಡಮ್ಮ "ಹೊಟ್ಟೆಗೆ ತಂಪು" ಎಂದು ಒಂದು ಲೋಟ ಮಾಡಿಟ್ಟುಕೊಂಡಿದ್ದರು, ನಾನು ಕುಡಿದು ಖಾಲಿ ಮಾಡಿದೆ.

ಭೇದಿಯ ಪುಡಿಯನ್ನು ಚೀಟಿಯಲ್ಲಿ ಹೇಳಿದಷ್ಟು ನೀರಿಗೆ ಕರಗಿಸಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಬೇಕು. ಫ್ರಿಜ್ಜಿನಲ್ಲಿಟ್ಟರೆ ಗಂಟಲಿಗೆ ಇಳಿಯುವುದು ಸುಲಭ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾದರೆ ಕೆಲಸ ಆದಂತೆ. ಕಕ್ಕಸು ಮನೆಯ ಹೊರಗಿದ್ದರೆ ಆ ರಾತ್ರಿ ದಾರಿಯ ಲೈಟು ಆರಿಸಬೇಡಿ, ಜಾರದ ಚಪ್ಪಲಿ ಇಡಿ, ಯಾರಾದರೊಬ್ಬರು ಎಚ್ಚರ ಇರಿ. ಈ ವಯಸ್ಸಿನಲ್ಲಿ ಸ್ಕೋಪಿಗಿಂತ ಅಂಗಳದಲ್ಲಿ ಜಾರಿ ಬೀಳುವ ಭಯವೇ ಹೆಚ್ಚು.

ಡಾಕ್ಟರಿಗೆ ಮೊದಲೇ ಹೇಳಬೇಕಾದವು: ರಕ್ತ ತೆಳು ಮಾಡುವ ಮಾತ್ರೆ, ಇನ್ಸುಲಿನ್ ಅಥವಾ ಶುಗರಿನ ಮಾತ್ರೆ, ಕಿಡ್ನಿಯ ತೊಂದರೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಬ್ಬಿಣದ ಮಾತ್ರೆ ಸಾಮಾನ್ಯವಾಗಿ ಒಂದು ವಾರದ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಜೊತೆಗೊಬ್ಬರು ಬೇಕು, ಅವತ್ತು ಸ್ಕೂಟರ್ ಬೇಡ.

ಹೆಜ್ಜೆ 6: ಏನಾದರೂ ಸಿಕ್ಕಿದರೆ

ಕಾರ್ಡಿನ ಕೆಲಸ ಶುರುವಾಗುವುದು ಇಲ್ಲಿಂದ. ಸ್ಕೋಪಿಗೆ ಮುಂಚೆಯೇ ಆರೋಗ್ಯಮಿತ್ರರನ್ನು ಕಂಡು, "ಪಾಲಿಪ್ ಸಿಕ್ಕಿ ತೆಗೆಯಬೇಕಾದರೆ ಅದಕ್ಕೆ ಪ್ಯಾಕೇಜ್ ಇದೆಯಾ?" ಎಂದು ವಿಚಾರಿಸಿಡಿ. ಮೇಜಿನ ಮೇಲೆ ಮಲಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ, ಸ್ಕೋಪಿ ಮತ್ತು ಬಯಾಪ್ಸಿ ರಿಪೋರ್ಟು ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ಆರೋಗ್ಯಮಿತ್ರರು ಟ್ರಸ್ಟಿಗೆ ಕಳಿಸಿ ಪೂರ್ವಾನುಮತಿ ತರಿಸುತ್ತಾರೆ. ಕರುಳಿನ ಭಾಗ ತೆಗೆಯುವ ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್ ಎಲ್ಲವೂ ಪಟ್ಟಿಯಲ್ಲಿವೆ. ಕಿಮೊಗೆ ಬೆಳಿಗ್ಗೆ ಹೋಗಿ ಸಂಜೆ ಬಂದರೂ ಅದನ್ನು ಓಪಿಡಿ ಎಂದು ತಳ್ಳುವುದಿಲ್ಲ, ಡೇ ಕೇರ್ ಎಂದು ಸೇರಿಸುತ್ತಾರೆ. ಅನುಮತಿ ಬರುವ ಮುಂಚೆ "ಈಗ ಕಟ್ಟಿ, ಆಮೇಲೆ ವಾಪಸು ಕೊಡುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. ಇದು ನಗದುರಹಿತ ಯೋಜನೆ, ಕಟ್ಟಿದ ದುಡ್ಡನ್ನು ಹಿಂದೆ ಪಡೆಯಲು ಅಲೆಯುವವರು ನೀವೇ. ಬಿಪಿಎಲ್‌ನವರಿಂದ ಪ್ಯಾಕೇಜಿನೊಳಗಿನದ್ದಕ್ಕೆ ಹಣ ಕೇಳಿದರೆ ರಾಜ್ಯದ 104ಕ್ಕೆ ಅಥವಾ ಆಯುಷ್ಮಾನ್‌ನ 14555ಕ್ಕೆ ಫೋನ್ ಮಾಡಿ. ಎಪಿಎಲ್‌ನವರು ಪ್ಯಾಕೇಜ್ ದರ ಎಷ್ಟು, ತಮ್ಮ ಪಾಲು ಎಷ್ಟು ಎಂದು ದಾಖಲಾಗುವ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

ಪರೀಕ್ಷೆಯ ಬಿಲ್ಲನ್ನು ಬಿಸಾಡಬೇಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಕ್ಕಳು ತಂದೆತಾಯಿಯ ಮುನ್ನೆಚ್ಚರಿಕೆ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಕೇಳಬಹುದು.

ದೊಡ್ಡಮ್ಮನಿಗೆ ಸಿಕ್ಕಿದ್ದು ಎರಡು ಸಣ್ಣ ಪಾಲಿಪ್. ಎರಡನ್ನೂ ಅಲ್ಲೇ ತೆಗೆದರು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಸಂಜೆ ನ್ಯೂಜೆರ್ಸಿಗೆ ಫೋನ್ ಹೋಯಿತು. "ನಂದಾಯ್ತು. ನಿಂಗೆ ನಲವತ್ತೆಂಟು ಆಯ್ತಲ್ಲ, ನೀನು ಮಾಡಿಸಿದ್ಯಾ?" ಎಂದು ದೊಡ್ಡಮ್ಮ ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವೇ ಇಲ್ಲ, ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆವು.